ನಮ್ಮ ಸಂಘದ ಜೊತೆ ಮಾತಾಡಿ

ನನ್ನ ಗಂಡ ಕೆಲಸ ಮಾಡುವ ಕಾರ್ಖಾನೆ ನಾಸಿಕ್‌ನಿಂದ ಸಂಭಾಜಿನಗರದ ಹತ್ತಿರದ ಶೇಂದ್ರಾಕ್ಕೆ ಎದ್ದು ಹೋದ ವರ್ಷ ನಮ್ಮ ಸಂಸಾರ ಎರಡು ಊರಿನದಾಯಿತು. ಅವರು ಸಂಭಾಜಿನಗರದ ಅಂಚಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಅಲ್ಲಿಂದ ಕಂಪನಿ ಬಸ್ಸಿನಲ್ಲಿ ಓಡಾಡತೊಡಗಿದರು. ನಾನು ಮಗಳನ್ನು ಕಟ್ಟಿಕೊಂಡು ನಾಸಿಕ್‌ನಲ್ಲೇ ಉಳಿದೆ. ನನ್ನ ಶಾಲೆ ಅಲ್ಲಿತ್ತು.

ನಾವು ಮೂಲತಃ ಬೀದರ್ ಜಿಲ್ಲೆಯವರು. ನಾನು ಓದಿದ್ದು ಗಡಿಯ ಊರಿನ ಮರಾಠಿ ಶಾಲೆಯಲ್ಲಿ. ಹಾಗಾಗಿ ಮದುವೆಯಾಗಿ ನಾಸಿಕ್‌ಗೆ ಬಂದಾಗ ಮಾಸ್ತರಿಕೆ ಸಿಗುವುದು ಕಷ್ಟವಾಗಲಿಲ್ಲ. ಒಂದು ಖಾಸಗಿ ಶಿಕ್ಷಣ ಸಂಸ್ಥೆಯ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಆ ಸಂಸ್ಥೆಗೆ ನಾಸಿಕ್‌ನಲ್ಲಿ, ಸಂಭಾಜಿನಗರದಲ್ಲಿ, ಇಗತಪುರಿಯಲ್ಲಿ ಶಾಲೆಗಳಿದ್ದವು. ಮುಖ್ಯ ಕಚೇರಿ ಸಂಭಾಜಿನಗರದಲ್ಲಿ. ಒಂದು ಸಂಸ್ಥೆಯ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗುವುದರಲ್ಲಿ ಏನು ಕಷ್ಟ ಎಂದು ಗಂಡ ಕೇಳುತ್ತಿದ್ದರು. ನಾನೂ ಹಾಗೇ ಅಂದುಕೊಂಡು ಪ್ರತಿ ವರ್ಷ ವರ್ಗಾವಣೆ ಕೇಳುತ್ತಿದ್ದೆ. ಪ್ರತಿ ವರ್ಷ ‘ನೋಡೋಣ’ ಎಂಬ ಉತ್ತರ ಬರುತ್ತಿತ್ತು.

ಮಗಳು ಆಗ ಮೂರನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಮರಾಠಿಯಲ್ಲಿ. ಅಪ್ಪ ಫೋನ್ ಮಾಡಿದಾಗ ಮಾತ್ರ ಹುಡುಕಿ ಹುಡುಕಿ ಎರಡು ಕನ್ನಡ ಮಾತು ಆಡುತ್ತಿದ್ದಳು. ರಜೆ ಬಂದರೆ ನಾವು ಅಲ್ಲಿಗೆ, ಅವರಿಗೆ ರಜೆ ಸಿಕ್ಕರೆ ಅವರು ಇಲ್ಲಿಗೆ. ಬ್ಯಾಗು ಕಪಾಟಿನ ಮೇಲೆ ಹತ್ತಿದ್ದೇ ಇಲ್ಲ, ಬಾಗಿಲ ಪಕ್ಕದಲ್ಲೇ ಇರುತ್ತಿತ್ತು.

ನಮ್ಮ ಶಿಕ್ಷಕರ ಸಂಘದ ಬಗ್ಗೆ ನನಗೆ ಆಗ ವಿಶೇಷ ಆಸಕ್ತಿ ಇರಲಿಲ್ಲ. ಚಂದಾ ಕೊಡುತ್ತಿದ್ದೆ, ಅಷ್ಟೆ. ಬೇಸಿಗೆ ರಜೆಯಲ್ಲಿ ಸಂಘದ ಪ್ರತಿನಿಧಿಗಳೂ ಆಡಳಿತ ಮಂಡಳಿಯವರೂ ಮುಖ್ಯ ಕಚೇರಿಯಲ್ಲಿ ಒಂದು ಮೇಜಿನ ಸುತ್ತ ಕೂರುತ್ತಿದ್ದರು. ಅದಕ್ಕೆ ಜಂಟಿ ಬೈಠಕ್ ಎನ್ನುತ್ತಿದ್ದೆವು. ಶಾಲೆಯ ವೇಳೆ, ರಜೆ, ಬಾಣಂತಿಯರ ಸೌಲಭ್ಯ, ಹೆಚ್ಚುವರಿ ತರಗತಿ, ಎಲ್ಲವೂ ಅಲ್ಲಿ ಚರ್ಚೆಯಾಗಿ ಒಪ್ಪಂದವಾಗುತ್ತಿತ್ತು. ಅಲ್ಲಿ ಒಪ್ಪಿದ್ದು ಆ ವರ್ಷವಿಡೀ ಎಲ್ಲ ಶಾಲೆಗಳಿಗೂ ನಿಯಮ. ಯಾರೋ ಹೋಗಿ ಮಾತಾಡಿ ಬರುತ್ತಾರೆ, ನಾವು ಜೂನ್‌ನಲ್ಲಿ ಬಂದು ಪಾಠ ಮಾಡುತ್ತೇವೆ ಎಂಬಂತಿತ್ತು ನನ್ನ ಭಾವನೆ. ವರ್ಗಾವಣೆಯೊಂದನ್ನು ಮಾತ್ರ ಆ ಮೇಜಿಗೆ ಯಾರೂ ತಂದಿರಲಿಲ್ಲ. ಅದು ಮೊದಲಿನಿಂದಲೂ ಆಡಳಿತದ ಕೈಯಲ್ಲೇ ಇತ್ತು.

ಆ ಬೇಸಿಗೆಯಲ್ಲಿ ಬೈಠಕ್ ನಡೆಯಲಿಲ್ಲ. ಸಂಸ್ಥೆಯ ಹಿರಿಯ ಅಧ್ಯಕ್ಷರು ಕಾಯಿಲೆ ಬಿದ್ದು, ಅವರ ಅಳಿಯ ಕಾರ್ಯದರ್ಶಿಯಾಗಿ ಬಂದಿದ್ದರು. ಒಳ್ಳೆಯ ಮಾತುಗಾರ. ಶಾಲೆ ಶುರುವಾದ ದಿನವೇ ಎಲ್ಲ ಶಿಕ್ಷಕರನ್ನೂ ಸಭಾಂಗಣದಲ್ಲಿ ಸೇರಿಸಿ ನಗುನಗುತ್ತ ಹೇಳಿದರು. ನಮ್ಮದು ಒಂದು ಕುಟುಂಬ, ಕುಟುಂಬದಲ್ಲಿ ಅಪ್ಪ ಮಕ್ಕಳ ನಡುವೆ ಪ್ರತಿನಿಧಿಗಳು ಯಾಕೆ? ಇನ್ನು ಮುಂದೆ ಸಂಘದೊಂದಿಗೆ ಮಾತುಕತೆ ಇರುವುದಿಲ್ಲ. ನಾನೇ ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಮಾತಾಡುತ್ತೇನೆ, ಅವರವರ ಜೊತೆ ಅವರವರ ಒಪ್ಪಂದ.

ನನಗೆ ಆ ಮಾತು ಹಿಡಿಸಿತು. ಸುಳ್ಳು ಯಾಕೆ ಹೇಳಲಿ? ಇಷ್ಟು ವರ್ಷ ಯಾರ ಯಾರ ಮೂಲಕವೋ ಕೇಳಿಸಿದ್ದನ್ನು ಈಗ ನೇರವಾಗಿ ಕೇಳಬಹುದಲ್ಲ ಎಂದು ಖುಷಿಯಾಯಿತು. ಸಂಜೆ ಫೋನಿನಲ್ಲಿ ಗಂಡನಿಗೆ ಹೇಳಿದೆ.

“ಛಲೋ ಆಯ್ತಲ್ಲ,” ಎಂದರು ಅವರು. “ಎದುರು ಕೂತು ಕೇಳು. ಸಹಿ ಮಾಡಂದ್ರ ಮಾಡಿ ಬಂದ್ಬಿಡು. ಎಷ್ಟ್ ದಿನ ಅಂತ ನಾ ಇಲ್ಲಿ, ನೀ ಅಲ್ಲಿ?”

ನಮ್ಮ ಸಂಘದ ಅಧ್ಯಕ್ಷೆ ನನ್ನ ಶಾಲೆಯವರೇ, ಗಣಿತ ಹೇಳಿಕೊಡುವವರು. ಮಹಾರಾಷ್ಟ್ರದಲ್ಲಿ ಶಿಕ್ಷಕಿಯರನ್ನು ಮಕ್ಕಳೂ ದೊಡ್ಡವರೂ ‘ಬಾಯಿ’ ಎಂದೇ ಕರೆಯುತ್ತಾರೆ. ಗಣಿತದ ಬಾಯಿ, ಭೂಗೋಳದ ಬಾಯಿ, ಹೀಗೆ. ನಾನು ಮೊದಲು ಬಂದಾಗ ಇದನ್ನು ಕೇಳಿ ಒಳಗೊಳಗೇ ನಗುತ್ತಿದ್ದೆ. ಆದರೆ ಈ ಗಣಿತದ ಬಾಯಿ ನಮ್ಮ ಕನ್ನಡದ ಅರ್ಥದಲ್ಲೂ ನಮಗೆ ಬಾಯಿಯಾಗಿದ್ದರು. ಕುಳ್ಳಗೆ, ಹತ್ತಿಯ ಸೀರೆ, ಹೆಗಲಿಗೆ ಅಡ್ಡಲಾಗಿ ಒಂದು ಚೀಲ. ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ತರಗತಿಯಲ್ಲಿ ಗಲಾಟೆಯಾದರೆ ಸುಮ್ಮನೆ ನಿಂತುಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಗಲಾಟೆಯೇ ನಾಚಿಕೊಂಡು ನಿಲ್ಲುತ್ತಿತ್ತು.

ಆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರು ಎಲ್ಲರನ್ನೂ ಒಂದು ಹೋಟೆಲಿನ ಮಹಡಿಗೆ ಕರೆದರು. ಶಾಲೆಯ ಆವರಣದಲ್ಲಿ ಸಂಘದ ಸಭೆ ನಡೆಸಬಾರದು ಎಂದು ಕಾರ್ಯದರ್ಶಿಗಳು ಆಗಲೇ ಹೇಳಿಬಿಟ್ಟಿದ್ದರು. ಹೋಟೆಲಿನ ಮಾಲೀಕರು ಉಡುಪಿ ಕಡೆಯವರು. ನಾನು ಕನ್ನಡದವಳು ಎಂದು ಗೊತ್ತಿದ್ದರಿಂದ ಜಾಗ ಕೇಳುವ ಕೆಲಸ ನನಗೇ ಬಂತು.

“ಮಧ್ಯಾಹ್ನ ಮೂರರ ಮೇಲೆ ಮೇಲ್ಗಡೆ ಖಾಲಿಯೇ ಇರುದು. ಎಷ್ಟು ಹೊತ್ತು ಬೇಕಾದ್ರೂ ಕೂತ್ಕೊಳ್ಳಿ ಮಾರಾಯ್ರೆ,” ಎಂದರು ಅವರು. “ಜಗಳ ಮಾತ್ರ ಮಾಡ್ಬೇಡಿ. ಕೆಳಗೆ ಗಿರಾಕಿಗಳಿಗೆ ಕೇಳ್ತದೆ.”

ಜಗಳವಾಗದೆ ಇರಲಿಲ್ಲ. ಕೆಲವರು ಮುಷ್ಕರ ಹೂಡೋಣ ಎಂದರು. ಹತ್ತನೆಯವರ ಪಾಠ ಹಾಳಾದರೆ ಪಾಲಕರೇ ನಮ್ಮ ಮೇಲೆ ಬೀಳುತ್ತಾರೆ ಎಂದರು ಇನ್ನು ಕೆಲವರು. ಕೋರ್ಟಿಗೆ ಹೋಗೋಣ ಎಂಬ ಮಾತು ಬಂದಾಗ ಗಣಿತದ ಬಾಯಿ ತಾವು ವಕೀಲರನ್ನು ಕಂಡುಬಂದ ವಿಷಯ ಹೇಳಿದರು. ಕಾರ್ಖಾನೆಯ ಕೆಲಸಗಾರರ ಸಂಘಗಳಿಗೆ ಇರುವಷ್ಟು ಕಾನೂನಿನ ಬೆಂಬಲ ಮಾಸ್ತರರಿಗೆ ಇಲ್ಲವಂತೆ. ಇಷ್ಟು ವರ್ಷ ಸಂಸ್ಥೆ ನಮ್ಮ ಜೊತೆ ಕೂತು ಮಾತಾಡಿದ್ದು ರೂಢಿಯಿಂದ. ರೂಢಿಯನ್ನು ಉಳಿಸಿಕೊಳ್ಳಬೇಕಾದವರು ನಾವೇ.

ಆಮೇಲೆ ಬಾಯಿ ಒಂದು ಪ್ರಶ್ನೆ ಕೇಳಿದರು. ಅವರು ಮಾತಾಡಿದ್ದು ಮರಾಠಿಯಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಆ ಕೋಣೆಗೆ ಹೋದಾಗ ಯಾರು ಏನು ಕೇಳಬೇಕು ಅಂತಿದ್ದೀರಿ? ನಾಚಿಕೆ ಬೇಡ. ಹೇಳಿ.”

ಚಿತ್ರಕಲೆಯ ಮಾಸ್ತರರು ತಮ್ಮನ್ನು ಕಾಯಂ ಮಾಡಬೇಕು ಎಂದು ಕೇಳುವೆನೆಂದರು. ನಾನು ಸಂಭಾಜಿನಗರದ ವರ್ಗಾವಣೆ ಎಂದೆ. ನನ್ನ ಪಕ್ಕದಲ್ಲಿ ಕೂತಿದ್ದ ಹಿಂದಿಯ ಬಾಯಿ ತಿರುಗಿ ನನ್ನ ಮುಖ ನೋಡಿದರು. “ನನ್ನದೂ ಅದೇ,” ಎಂದರು ಮೆಲ್ಲಗೆ. ಅವರ ಅತ್ತೆಗೆ ಪಾರ್ಶ್ವವಾಯು. ಸಂಭಾಜಿನಗರದಲ್ಲಿ ಗಂಡ ಒಬ್ಬರೇ ನೌಕರಿಯನ್ನೂ ತಾಯಿಯ ಸೇವೆಯನ್ನೂ ಮಾಡುತ್ತಿದ್ದರು. ದಿನಾ ಒಂದೇ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಉಣ್ಣುವವರು ನಾವು. ಅತ್ತೆಗೆ ಹುಷಾರಿಲ್ಲ ಎಂಬುದು ಗೊತ್ತಿತ್ತು. ಅವರೂ ವರ್ಗಾವಣೆ ಕೇಳುತ್ತಿದ್ದಾರೆ ಎಂಬುದು ಗೊತ್ತಿರಲಿಲ್ಲ.

“ಅಲ್ಲಿ ಖಾಲಿ ಇರುವುದು ಒಂದು ಜಾಗ,” ಎಂದರು ಬಾಯಿ. “ಸಮಾಜ ವಿಜ್ಞಾನ ಆದರೂ ನಡೆದೀತು, ಭಾಷೆ ಆದರೂ ನಡೆದೀತು ಅಂತಾರೆ. ಬಾಗಿಲು ಹಾಕಿದ ಕೋಣೆಯಲ್ಲಿ ಅದನ್ನು ಇಬ್ಬರಿಗೂ ಕೊಡಬಹುದು. ಹೊರಗೆ ಬಂದು ನೀವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳೋದಿಲ್ಲ. ಅದಕ್ಕೇ ನೋಡಿ ಒಬ್ಬೊಬ್ಬರನ್ನೇ ಕರೆಯೋದು.”

ಮುಷ್ಕರ ಬೇಡ ಎಂದು ತೀರ್ಮಾನವಾಯಿತು. ಪಾಠ ಬಿಡುವುದು ಬೇಡ, ತಡವಾಗಿ ಬರುವುದು ಬೇಡ. ಕರೆದರೆ ಹೋಗುವುದು, ಕೂತುಕೊಳ್ಳುವುದು, ಒಂದೇ ವಾಕ್ಯ ಹೇಳುವುದು: ‘ಈ ವಿಷಯ ನಮ್ಮ ಸಂಘದ ಜೊತೆ ಮಾತಾಡಿ.’

“ವಾದ ಮಾಡಬೇಡಿ. ಅಳಬೇಡಿ. ಉಪಕಾರ ಆಯಿತು ಅಂತಲೂ ಹೇಳಬೇಡಿ,” ಎಂದರು ಬಾಯಿ.

“ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಅಂತ ಕೇಳಿದರೆ?” ಎಂದರು ಚಿತ್ರಕಲೆಯ ಮಾಸ್ತರರು.

“ಚೆನ್ನಾಗಿದ್ದಾರೆ ಅನ್ನಿ. ಆಮೇಲೆ ವಾಕ್ಯ ಹೇಳಿ.”

ಎಲ್ಲರೂ ನಕ್ಕರು. ಕೆಳಗಿನಿಂದ ಚಹಾ ಬಂತು.

ಎರಡು ವಾರ ಕಳೆಯುವಷ್ಟರಲ್ಲಿ ಬಾಯಿಯನ್ನು ಇಗತಪುರಿಯ ಶಾಲೆಗೆ ಹಾಕಿದರು. ಜುಲೈ ತಿಂಗಳು. ಇಗತಪುರಿಯ ಮಳೆಯೆಂದರೆ ಎದುರಿನ ಬೆಟ್ಟ ದಿನಗಟ್ಟಲೆ ಕಾಣುವುದಿಲ್ಲ. ಸೀರೆ ಒಣಗುವುದಿಲ್ಲ, ಸೀಮೆಸುಣ್ಣ ಕೂಡ ಹಸಿಹಿಡಿದು ಹಲಗೆಯ ಮೇಲೆ ಬರೆಯುವುದಿಲ್ಲ. ಐವತ್ತು ದಾಟಿದ ಹೆಂಗಸು ಬೆಳಿಗ್ಗೆ ಕತ್ತಲಲ್ಲೇ ಎದ್ದು ನಾಸಿಕ್ ರೋಡ್ ಸ್ಟೇಷನ್ನಿಗೆ ಹೋಗಿ ರೈಲು ಹಿಡಿಯಬೇಕು. ಉಳಿದವರು ನೋಡಿ ಕಲಿಯಲಿ ಎಂದೇ ಹಾಗೆ ಮಾಡಿದ್ದು. ನಾವು ಹೆದರಿದೆವು ಕೂಡ. ಸ್ಟಾಫ್ ರೂಮಿನಲ್ಲಿ ಮಾತು ಕಡಿಮೆಯಾಯಿತು. ಡಬ್ಬಿಯ ಪಲ್ಯ ಹಂಚಿಕೊಳ್ಳುವುದೂ ಕಡಿಮೆಯಾಯಿತು.

ನಾನು ಫೋನ್ ಮಾಡಿ, “ಬಾಯಿ, ಬಹಳ ತ್ರಾಸ ಆಗ್ತಿರಬೇಕು,” ಎಂದೆ.

“ಮಳೆ ಇದೆ,” ಎಂದರು. “ಮಕ್ಕಳು ಒಳ್ಳೆಯವರು. ಇಲ್ಲಿ ಹೋದ ವರ್ಷದಿಂದ ಗಣಿತಕ್ಕೆ ಯಾರೂ ಇರಲಿಲ್ಲವಂತೆ. ನೀವು ಶನಿವಾರದ ಸಭೆ ತಪ್ಪಿಸಬೇಡಿ.” ಆಮೇಲೆ ಒಂದು ಕೆಲಸ ಹೇಳಿದರು. ನಾನು ಹೇಗೂ ಸಂಭಾಜಿನಗರಕ್ಕೆ ಹೋಗಿ ಬರುತ್ತಿರುವವಳು. ಅಲ್ಲಿಯ ಶಾಲೆಗಳ ಶಿಕ್ಷಕರನ್ನು ಕಂಡು, ಇಲ್ಲಿ ಏನು ನಡೆಯುತ್ತಿದೆ ಎಂದು ಅವರಿಗೆ, ಅಲ್ಲಿ ಏನು ನಡೆಯುತ್ತಿದೆ ಎಂದು ಇವರಿಗೆ ಬಾಯಿಮಾತಿನಲ್ಲಿ ತಿಳಿಸಬೇಕು. ಫೋನಿನಲ್ಲಿ ಹೇಳಿದರೆ ಜನಕ್ಕೆ ಧೈರ್ಯ ಬರುವುದಿಲ್ಲ, ಎದುರಿಗೆ ಮುಖ ಕಾಣಬೇಕು ಎಂದರು.

ಹೀಗೆ, ಚಂದಾ ಕೊಟ್ಟು ಸುಮ್ಮನಿದ್ದ ನಾನು ಸಂಘದ ಕೆಲಸಕ್ಕೆ ಬಿದ್ದೆ.

ಸಂಭಾಜಿನಗರದ ಶಿಕ್ಷಕರು ಸೇರಿದ್ದು ನನ್ನ ಗಂಡನ ಆ ಒಂದೇ ಕೋಣೆಯಲ್ಲಿ. ಕೂರಲು ಜಾಗ ಸಾಲದೆ ಕೆಲವರು ಮಂಚದ ಮೇಲೆ, ಕೆಲವರು ಹೊಸ್ತಿಲಲ್ಲಿ ಕೂತರು. ಗಂಡ ಸ್ಟೌ ಮುಂದೆ ನಿಂತು ಎಲ್ಲರಿಗೂ ಉಪ್ಪಿಟ್ಟು ಮಾಡಿದರು. ಮುಖ ಮಾತ್ರ ಗಂಟು ಹಾಕಿಕೊಂಡಿತ್ತು. ಅವರೆಲ್ಲ ಹೋದ ಮೇಲೆ ಪಾತ್ರೆ ತೊಳೆಯುತ್ತ ಕೇಳಿದರು.

“ಯೂನಿಯನ್ ಅದಾ ಅಂದ್ಮ್ಯಾಲ ಮಾತಾಡ್ಲೇಬೇಕಲ್ಲ ಅವ್ರು? ನಮ್ಮ ಕಂಪನ್ಯಾಗ ಹಂಗೇ ಅದಾ.”

“ನಿಮ್ಮದು ಬ್ಯಾರೆರಿ. ನಮಗ ಹಂಗ ಕಾಯ್ದೆ ಇಲ್ಲಂತ ವಕೀಲರು ಹೇಳ್ಯಾರ. ನಾವು ಎಲ್ಲಾರೂ ಕೂಡಿ ನಿಂತ್ರ ಅದಾ, ಇಲ್ಲಂದ್ರ ಇಲ್ಲ.”

ಅವರು ಪಾತ್ರೆ ಬೋರಲು ಹಾಕಿ ಕೈ ಒರೆಸಿಕೊಂಡರು. “ಮತ್ತ ನಿನ್ನ ವರ್ಗಾವಣೆ?”

ನಾನು ಬ್ಯಾಗು ತುಂಬತೊಡಗಿದೆ. ಮಗಳು ಮಂಚದ ಮೇಲೆ ನಿದ್ದೆ ಹೋಗಿದ್ದಳು. ಬಸ್ ಸ್ಟ್ಯಾಂಡಿನ ತನಕ ಅವರೇ ಎತ್ತಿಕೊಂಡು ಬಂದರು. ಬಸ್ಸು ಹೊರಟಾಗ ಕೈ ಬೀಸಿದರು, ಆದರೆ ಕಿಟಕಿಯ ಹತ್ತಿರ ಬರಲಿಲ್ಲ. ಸಂಘ ಸಂಘ ಎಂದು ಮನೆಯನ್ನೇ ಮುರಿದುಕೊಳ್ಳುತ್ತಿದ್ದೇನೆಯೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಗಣಪತಿ ಹಬ್ಬಕ್ಕೆ ಸ್ವಲ್ಪ ಮುಂಚೆ ಕಾರ್ಯದರ್ಶಿಗಳು ನಾಸಿಕ್‌ನ ನಮ್ಮ ಶಾಲೆಗೆ ಬಂದು ಮುಖ್ಯಾಧ್ಯಾಪಕರ ಕೋಣೆಯಲ್ಲಿ ಕೂತರು. ಒಬ್ಬೊಬ್ಬರಿಗೇ ಕರೆ ಬರತೊಡಗಿತು. ನನ್ನ ಸರದಿ ಬಂದದ್ದು ಎರಡನೆಯ ದಿನ, ಆರನೆಯವರಿಗೆ ಮಾರುತಗಳ ಪಾಠ ಮಾಡುತ್ತಿದ್ದಾಗ.

ವಾಕ್ಯವನ್ನು ಮರಾಠಿಯಲ್ಲಿ ಅದೆಷ್ಟು ಸಲ ಹೇಳಿಕೊಂಡಿದ್ದೆನೋ. ಅಡುಗೆ ಮಾಡುವಾಗ, ಬಟ್ಟೆ ಒಣಹಾಕುವಾಗ. ಮಗಳಿಗೂ ಬಾಯಿಪಾಠವಾಗಿ ಅವಳೂ ಹೇಳುತ್ತಿದ್ದಳು. ಆದರೂ ಮೆಟ್ಟಿಲಿಳಿಯುವಾಗ ಇನ್ನೊಮ್ಮೆ ಹೇಳಿಕೊಂಡೆ.

ಕಾರ್ಯದರ್ಶಿಗಳು ಎದ್ದು ನಿಂತು ನಮಸ್ಕಾರ ಮಾಡಿದರು. ಕುರ್ಚಿ ತೋರಿಸಿದರು. ನೀರು ಬೇಕೇ ಎಂದರು. ಮಗಳು ಎಷ್ಟನೆಯದರಲ್ಲಿ ಓದುತ್ತಾಳೆ ಎಂದು ಕೇಳಿದರು. ಹೇಳಿದೆ.

“ಅಪ್ಪನಿಂದ ದೂರ ಬೆಳೆಯುತ್ತಿದ್ದಾಳೆ. ಪಾಪ,” ಎಂದರು. ನಿಜವಾಗಿಯೂ ಮರುಗಿದಂತೆಯೇ ಇತ್ತು ಅವರ ದನಿ. “ನಿಮ್ಮ ವಿಷಯ ನಾನು ನೋಡಿದ್ದೇನೆ. ಇಷ್ಟು ವರ್ಷ ಯಾಕೆ ಮಾಡಲಿಲ್ಲವೋ ನನಗೇ ಅರ್ಥವಾಗುತ್ತಿಲ್ಲ. ಹಬ್ಬ ಮುಗಿದ ಮೇಲೆ ಅಲ್ಲಿಯ ಶಾಲೆಗೆ ಹಾಜರಾಗಿ. ಹೊಸ ವೇಳಾಪಟ್ಟಿಯ, ಸಂಜೆಯ ಹೆಚ್ಚುವರಿ ತರಗತಿಯ ಈ ಒಪ್ಪಂದಕ್ಕೆ ಸಹಿ ಹಾಕಿದರೆ ಇವತ್ತೇ ಆದೇಶ ಮಾಡಿಸುತ್ತೇನೆ.”

ಅವರು ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಇಟ್ಟರು.

ಆ ಗಳಿಗೆಯಲ್ಲಿ ನನ್ನ ಕಣ್ಣಿಗೆ ಸಂಘ ಕಾಣಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಗಳನ್ನು ಹೊತ್ತು ನಿಂತ ಗಂಡ ಕಂಡರು. ಒಂದು ಸಹಿ. ಹಬ್ಬ ಮುಗಿದರೆ ಮೂವರೂ ಒಂದೇ ಮನೆಯಲ್ಲಿ. ಯಾರಾದರೂ ಬೈದರೂ ಎಷ್ಟು ದಿನ ಬೈದಾರು? ಕೈ ಮೇಜಿನ ಮೇಲೆ ಬಂದದ್ದೂ ನಿಜ. ಆಗ ಹಿಂದಿಯ ಬಾಯಿ ತಿರುಗಿ ನನ್ನ ಮುಖ ನೋಡಿದ್ದು ನೆನಪಾಯಿತು. ಅಂದು ಆ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಗಾಬರಿಯಿತ್ತು.

ಬಾಯಿ ತೆರೆದೆ. ಬಂದ ಮಾತು ಕನ್ನಡದ್ದು.

“ಈ ವಿಷಯ ನಮ್ಮ ಸಂಘದ ಕೂಡ ಮಾತಾಡ್ರಿ.”

“ಕಾಯ್? ಏನಂದಿರಿ?” ಎಂದರು ಅವರು.

ನಾನು ಕನ್ನಡದಲ್ಲಿ ಹೇಳಿದೆ ಎಂದು ನನಗೆ ಹೊಳೆಯಲೇ ಇಲ್ಲ. ಅವರಿಗೆ ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೂ ಗಟ್ಟಿಯಾಗಿ ಮತ್ತೆ ಕನ್ನಡದಲ್ಲೇ ಹೇಳಿದೆ. ಅವರು ಪಕ್ಕದಲ್ಲಿದ್ದ ಮುಖ್ಯಾಧ್ಯಾಪಕರ ಕಡೆ ನೋಡಿದರು. ಮುಖ್ಯಾಧ್ಯಾಪಕರು ಕಿಟಕಿಯ ಕಡೆ ನೋಡುತ್ತ, “ಬೇರೇನಲ್ಲ ಸಾಹೇಬರೇ, ಎಲ್ಲರೂ ಹೇಳುತ್ತಿರುವುದನ್ನೇ ಹೇಳುತ್ತಿರಬೇಕು,” ಎಂದರು. ಆಗ ನನಗೆ ಎಚ್ಚರವಾಗಿ ಮರಾಠಿಯಲ್ಲಿ ಸರಿಯಾಗಿ ಹೇಳಿ, ನಮಸ್ಕಾರ ಮಾಡಿ ಎದ್ದೆ. ಕಾರ್ಯದರ್ಶಿಗಳ ಮುಖದ ನಗೆ ಮೊದಲ ಸಲ ಮಾಸಿತ್ತು. ನಾಳೆಯವರೆಗೆ ಯೋಚನೆ ಮಾಡಿ ಎಂದರು.

ಸ್ಟಾಫ್ ರೂಮಿಗೆ ಬಂದು ಕೂತೆ. ಎಲ್ಲರೂ ಸುತ್ತ ನಿಂತರು. ಏನೇನು ನಡೆಯಿತೋ ಒಂದೂ ಬಿಡದೆ ಹೇಳಿದೆ. ಹಬ್ಬದ ನಂತರ ಸಂಭಾಜಿನಗರ, ಇವತ್ತೇ ಆದೇಶ, ಪೆನ್ನಿನ ಮುಚ್ಚಳ ತೆಗೆದಿಟ್ಟದ್ದು, ಎಲ್ಲವನ್ನೂ.

ಹಿಂದಿಯ ಬಾಯಿ ನನ್ನ ಪಕ್ಕ ಕುಸಿದು ಕೂತರು. “ನಿನ್ನೆ ನನಗೂ ಅದನ್ನೇ ಹೇಳಿದರು. ಅದೇ ಶಾಲೆ. ಹಬ್ಬದ ನಂತರ ಅಂತಲೇ.” ಅವರ ಕಣ್ಣು ತುಂಬಿತ್ತು. “ನಿಮಗೆ ಹೇಗೆ ಹೇಳಲಿ ಅಂತ ಒಂದು ದಿನದಿಂದ ಒದ್ದಾಡುತ್ತಿದ್ದೆ. ಸಹಿ ಹಾಕಿಲ್ಲ. ಆದರೆ ಹಾಕಬೇಕು ಅಂತ ಬಹಳ ಅನ್ನಿಸಿತು.”

“ನನಗೂ ಅನ್ನಿಸಿತು,” ಎಂದೆ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಗು ಎಲ್ಲಿಂದ ಬಂತೋ ಗೊತ್ತಿಲ್ಲ. ನಾನು ಕನ್ನಡದಲ್ಲಿ ಎರಡೆರಡು ಸಲ ಗದರಿದ್ದನ್ನು ಹೇಳಿದ ಮೇಲಂತೂ ಚಿತ್ರಕಲೆಯ ಮಾಸ್ತರರು ಹೊಟ್ಟೆ ಹಿಡಿದುಕೊಂಡರು. ಅಂದು ಮಧ್ಯಾಹ್ನ ಡಬ್ಬಿಗಳು ಮೊದಲಿನಂತೆ ಮೇಜಿನ ನಡುವೆ ಬಂದವು. ಯಾರದೋ ಮೆಂತ್ಯೆ ಪಲ್ಯ, ಯಾರದೋ ಶೇಂಗಾ ಚಟ್ನಿ. ಗೆದ್ದೆವೋ ಸೋತೆವೋ ಇನ್ನೂ ತಿಳಿಯದಿದ್ದರೂ ನನ್ನ ಎದೆಯ ಭಾರ ಅರ್ಧ ಇಳಿದಿತ್ತು.

ಸಂಜೆ ಗಂಡನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ.

“ಒಂದೇ ಜಾಗ ಇಬ್ಬರಿಗೆ ಕೊಟ್ಟಾನಂದ್ರ ಅಂವ ಯಾರಿಗೂ ಕೊಡಂವಲ್ಲ ಬಿಡು,” ಎಂದರು. “ನೀ ಸಹಿ ಮಾಡ್ಲಿಲ್ಲ, ಛಲೋ ಮಾಡ್ದಿ. ಬರೂ ಐತ್ವಾರ ನಾನೇ ಬರ್ತೀನಿ. ಪಾಪೂಗ ಹೇಳು.”

ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತೇ ಅತ್ತುಬಿಟ್ಟೆ. ದುಃಖದ ಅಳುವಲ್ಲ ಅದು.

ಮುಂದಿನ ವಾರಗಳಲ್ಲಿ ಬೇರೆ ಬೇರೆ ಶಾಲೆಗಳಿಂದಲೂ ಅದೇ ಸುದ್ದಿ ಬರತೊಡಗಿತು. ಕೆಲವರು ಸಹಿ ಹಾಕಿದ್ದರು. ಅವರ ಜೊತೆ ಮಾತು ಬಿಡಬೇಕು ಎಂದು ಇಲ್ಲಿ ಕೆಲವರು ಕುದಿಯುತ್ತಿದ್ದರು. ಬಾಯಿ ಒಪ್ಪಲಿಲ್ಲ. “ಅವರ ಮನೆಯಲ್ಲಿ ಏನು ಕಷ್ಟವೋ. ನಾಳೆ ಒಪ್ಪಂದವಾದರೆ ಅವರಿಗೂ ಸೇರಿಯೇ ಆಗಬೇಕು,” ಎಂದರು. ಉಳಿದವರೆಲ್ಲ ಒಂದೇ ವಾಕ್ಯ ಹೇಳಿ ಎದ್ದು ಬಂದಿದ್ದರು. ಹೊಸ ವೇಳಾಪಟ್ಟಿಗೆ, ಸಂಜೆಯ ಹೆಚ್ಚುವರಿ ತರಗತಿಗೆ ಹೆಚ್ಚಿನವರ ಒಪ್ಪಿಗೆ ಸಿಗದೆ ಕಾರ್ಯದರ್ಶಿಗಳ ಯೋಜನೆ ಅಲ್ಲೇ ನಿಂತುಬಿಟ್ಟಿತು.

ಇಗತಪುರಿಯಲ್ಲಿ ನಾವು ಯಾರೂ ಎಣಿಸದಿದ್ದ ಸಂಗತಿ ನಡೆಯಿತು. ಅಲ್ಲಿಯ ಮಕ್ಕಳ ತಂದೆಯರಲ್ಲಿ ಬಹಳ ಜನ ರೈಲ್ವೆಯವರು. ಗಣಿತದ ಬಾಯಿ ಯಾಕೆ ಇದ್ದಕ್ಕಿದ್ದಂತೆ ತಮ್ಮೂರಿಗೆ ಬಂದರು ಎಂಬುದು ಅವರಿಗೆ ಹೇಗೋ ತಿಳಿಯಿತು. ಸಂಘ ಎಂದರೇನು, ಮಾತುಕತೆ ಎಂದರೇನು ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಾಲಕರ ಸಭೆಗೆ ಕಾರ್ಯದರ್ಶಿಗಳು ಬಂದಾಗ ಒಬ್ಬ ಗ್ಯಾಂಗ್‌ಮನ್ ಎದ್ದು ನಿಂತು, “ಸಾಹೇಬರೇ, ಬಾಯಿಯವರನ್ನು ನಾವು ವಾಪಸ್ ಕಳಿಸುವುದಿಲ್ಲ. ಆದರೆ ಅವರ ಜೊತೆ ಕೂತು ನೀವು ಮಾತಾಡಬೇಕು,” ಎಂದರಂತೆ. ಸಭೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರಂತೆ. ಇದನ್ನು ಹೇಳುವಾಗ ಬಾಯಿಯ ದನಿ ಮೊದಲ ಸಲ ಸ್ವಲ್ಪ ಅಲುಗಿತು.

ನವರಾತ್ರಿಯ ಹೊತ್ತಿಗೆ ಮುಖ್ಯ ಕಚೇರಿಯಿಂದ ಬಾಯಿಗೆ ಫೋನ್ ಬಂತು. ಜಂಟಿ ಬೈಠಕ್ ಕರೆದಿದ್ದಾರೆ, ಸಂಘದ ಪ್ರತಿನಿಧಿಗಳು ಬರಬೇಕು.

ಪ್ರತಿನಿಧಿಗಳಲ್ಲಿ ನಾನೂ ಹಿಂದಿಯ ಬಾಯಿಯೂ ಇದ್ದೆವು. ಆ ಉದ್ದ ಮೇಜನ್ನು ನಾನು ಮೊದಲ ಸಲ ಕಂಡದ್ದು ಆವತ್ತು. ಆ ಬದಿಯಲ್ಲಿ ಕಾರ್ಯದರ್ಶಿ ಮತ್ತು ಮಂಡಳಿಯವರು, ಈ ಬದಿಯಲ್ಲಿ ನಾವು. ಬಾಯಿ ತಮ್ಮ ಅಡ್ಡ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರು ಮೊದಲಿಗೆ ತಮ್ಮ ವರ್ಗಾವಣೆಯ ಮಾತೆತ್ತುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಎತ್ತಲಿಲ್ಲ.

“ಪ್ರತಿ ವರ್ಷ ಈ ಬೈಠಕ್ ನಡೆಯಬೇಕು. ಎಲ್ಲರಿಗೂ ಸಂಬಂಧಿಸಿದ ವಿಷಯವನ್ನು ಒಬ್ಬೊಬ್ಬರ ಜೊತೆ ಬೇರೆ ಬೇರೆಯಾಗಿ ಒಪ್ಪಂದ ಮಾಡಬಾರದು. ಇದು ಇಷ್ಟು ದಿನ ರೂಢಿಯಾಗಿತ್ತು, ಇನ್ನು ಬರವಣಿಗೆಯಲ್ಲಿ ಇರಲಿ. ಉಳಿದದ್ದು ಆಮೇಲೆ.”

“ನಾನು ಪ್ರತಿಯೊಬ್ಬರ ಜೊತೆ ಪ್ರೀತಿಯಿಂದಲೇ ಮಾತಾಡಿದೆ,” ಎಂದರು ಕಾರ್ಯದರ್ಶಿ.

“ಹೌದು. ಗೌರವದಿಂದ ಮಾತಾಡಿದಿರಿ, ಎಲ್ಲರೂ ಹೇಳಿದ್ದಾರೆ. ಆದರೆ ಎಲ್ಲರ ಮಾತನ್ನೂ ಕೇಳಿದವರು ನೀವೊಬ್ಬರೇ. ನಮ್ಮಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಲಿಲ್ಲ.”

ಆಮೇಲೆ ಬಾಯಿ ನನ್ನ ಕಡೆ ತಿರುಗಿ, ವರ್ಗಾವಣೆಯ ವಿಷಯ ನೀವು ಹೇಳಿ ಎಂದರು. ಮೊದಲೇ ತಿಳಿಸಿರಲಿಲ್ಲ. ನಾನು ಎದ್ದು ನಿಂತೆ. ಮರಾಠಿಯಲ್ಲೇ ಹೇಳಿದೆ, ಈ ಸಲ ತಪ್ಪಲಿಲ್ಲ. ಒಂದೇ ಜಾಗವನ್ನು ನನಗೂ ನನ್ನ ಪಕ್ಕದಲ್ಲಿ ಕೂತಿರುವ ಹಿಂದಿಯ ಬಾಯಿಗೂ ಕೊಡುವುದಾಗಿ ಹೇಳಿದ್ದಿರಿ. ನಿಮಗೆ ಮರೆತಿರಬಹುದು. ನಮಗೆ ಅದು ಮನೆಯ ಪ್ರಶ್ನೆ. ಯಾರ ಅಗತ್ಯ ಹೆಚ್ಚಿದೆಯೋ ಅವರಿಗೆ ಮೊದಲು, ಆಮೇಲೆ ಯಾರು ಬಹಳ ವರ್ಷದಿಂದ ಕೇಳುತ್ತಿದ್ದಾರೋ ಅವರಿಗೆ. ಅದನ್ನು ಈ ಮೇಜಿನ ಮೇಲೆ ಎಲ್ಲರ ಎದುರು ಗೊತ್ತುಮಾಡೋಣ.

ಕಾರ್ಯದರ್ಶಿಗಳ ಮುಖ ಕೆಂಪೇರಿತು. “ಹಾಗೆ ಹೇಗಾಯಿತೋ,” ಎಂದರು. ಮಂಡಳಿಯ ವಯಸ್ಸಾದ ಸದಸ್ಯರೊಬ್ಬರು ಕನ್ನಡಕ ತೆಗೆದು ಒರೆಸುತ್ತ, “ಹಾಗಾದರೆ ಈ ಖಾಲಿ ಜಾಗ ಯಾರಿಗೆ? ನೀವೇ ಹೇಳಿ ಬಾಯಿ,” ಎಂದು ನನ್ನನ್ನೇ ಕೇಳಿದರು.

ಕಿಟಕಿಯಿಂದ ಹೊರಗೆ ಗೇಟಿನ ಹತ್ತಿರ ಗಂಡ ಮಗಳ ಕೈ ಹಿಡಿದು ನಿಂತಿದ್ದು ಕಾಣುತ್ತಿತ್ತು. “ಈಗ ಇವರಿಗೆ,” ಎಂದು ಹಿಂದಿಯ ಬಾಯಿಯನ್ನು ತೋರಿಸಿದೆ. “ಅವರ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಮುಂದಿನ ಖಾಲಿ ಜಾಗ ನನಗೆ.”

ಮಾತುಕತೆ ಸಂಜೆಯವರೆಗೂ ಎಳೆಯಿತು. ನಾವು ಕೇಳಿದ್ದೆಲ್ಲ ಸಿಗಲಿಲ್ಲ. ಶನಿವಾರ ಹತ್ತನೆಯವರಿಗೆ ಹೆಚ್ಚುವರಿ ತರಗತಿ ತೆಗೆದುಕೊಳ್ಳಲು ನಾವು ಒಪ್ಪಿದೆವು. ಚಿತ್ರಕಲೆಯ ಮಾಸ್ತರರ ಕಾಯಂ ವಿಷಯ ಮುಂದಿನ ಬೈಠಕ್‌ಗೆ ಹೋಯಿತು. ಆದರೆ ಮುಂದಿನ ಬೈಠಕ್ ಇದೆ ಎಂಬುದು ಬರವಣಿಗೆಯಲ್ಲಿ ಬಂತು. ವರ್ಗಾವಣೆ ಇನ್ನು ಮುಂದೆ ಆ ಮೇಜಿನಲ್ಲೇ ನಿರ್ಧಾರವಾಗಬೇಕು ಎಂಬುದೂ ಬಂತು. ಬಾಯಿಯನ್ನು ನಾಸಿಕ್‌ಗೆ ವಾಪಸ್ ಕರೆಸುತ್ತೇವೆ ಎಂದು ಕಾರ್ಯದರ್ಶಿಗಳೇ ಹೇಳಿದರು.

“ಪರೀಕ್ಷೆ ಮುಗಿಯಲಿ,” ಎಂದರು ಬಾಯಿ. “ಹತ್ತನೆಯವರನ್ನು ನಡುವೆ ಬಿಟ್ಟು ಬರುವುದಕ್ಕಾಗುವುದಿಲ್ಲ.”

ಹೊರಗೆ ಬಂದಾಗ ಯಾರೂ ಘೋಷಣೆ ಕೂಗಲಿಲ್ಲ. ರಸ್ತೆಯ ಆಚೆಯ ಗಾಡಿಯಲ್ಲಿ ಚಹಾ ಕುಡಿದೆವು. ಹಿಂದಿಯ ಬಾಯಿ ನನ್ನ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ. ಚಹಾವನ್ನು ಎಡಗೈಯಲ್ಲೇ ಕುಡಿಯಬೇಕಾಯಿತು. ಗಂಡನಿಗೆ ನಡೆದದ್ದು ಹೇಗೆ ಹೇಳುವುದು ಎಂದು ನಾನು ಯೋಚಿಸುತ್ತಿದ್ದರೆ, ಅವರು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು.

“ಈ ಸಲ ಅವ್ರಿಗೇನು?” ಎಂದರು.

“ಹೌದ್ರಿ. ಮುಂದಿಂದು ನಂದು. ಬರ್ದು ಕೊಟ್ಟಾರ.”

“ಬರ್ದು ಕೊಟ್ಟಾರಲ್ಲ, ಆಯ್ತು,” ಎಂದು ಅವರು ಹಿಂದಿಯ ಬಾಯಿಗೂ ಗಣಿತದ ಬಾಯಿಗೂ ಇನ್ನೊಂದು ಸುತ್ತು ಚಹಾ ಹೇಳಿದರು. ನಿಜಕ್ಕೂ ಅವರ ಮುಖದಲ್ಲಿ ಬೇಸರವಿರಲಿಲ್ಲ. ಮುಂದಿನದು ನಮ್ಮದು ಎಂದು ಗೊತ್ತಾದ ಮೇಲೆ ಕಾಯುವುದು ಅಷ್ಟು ಭಾರವಲ್ಲ. ‘ನೋಡೋಣ’ ಎಂಬ ಮಾತು ಕೇಳುತ್ತ ಕಾಯುವಾಗ ಒಂದೊಂದು ವರ್ಷವೂ ಎಷ್ಟು ಉದ್ದವಿತ್ತೆಂದು ಆಗ ಅನ್ನಿಸಿತು.

ಮುಂದಿನ ಜೂನ್‌ನಲ್ಲಿ ಸಂಭಾಜಿನಗರದ ಶಾಲೆಯಲ್ಲಿ ಒಬ್ಬರು ನಿವೃತ್ತರಾದರು, ಆ ಜಾಗಕ್ಕೆ ನಾನು ಹೋದೆ. ಯಾರ ಕೈಕಾಲು ಹಿಡಿಯಬೇಕಾಗಲಿಲ್ಲ, ಯಾರಿಗೂ ಕದ್ದು ಮುಚ್ಚಿ ಮಾತು ಕೊಡಬೇಕಾಗಲಿಲ್ಲ. ಗಂಡ ಕೋಣೆ ಬಿಟ್ಟು ಎರಡು ಕೋಣೆಯ ಮನೆ ಹಿಡಿದರು. ಸಾಮಾನು ಇಳಿಸಿದ ದಿನ ಹಿಂದಿಯ ಬಾಯಿ ಮನೆಯಿಂದ ಕಡಲೆಹಿಟ್ಟಿನ ಪಿಠಲೆ, ಜೋಳದ ಭಾಕರಿ ಕಟ್ಟಿಕೊಂಡು ಬಂದರು. ಅವರ ಅತ್ತೆ ಈಗ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರಂತೆ.

ಇಗತಪುರಿಯ ಹತ್ತನೆಯವರ ಫಲಿತಾಂಶ ಬಂದ ದಿನ ಬಾಯಿ ಫೋನ್ ಮಾಡಿದರು. ಗಣಿತದಲ್ಲಿ ಯಾರೂ ಫೇಲಾಗಿಲ್ಲ ಎಂದು ಹೇಳುವಾಗ ಚಿಕ್ಕ ಹುಡುಗಿಯಂತೆ ನಗುತ್ತಿದ್ದರು. ಅಷ್ಟರಲ್ಲಿ ಅವರೂ ನಾಸಿಕ್‌ಗೆ ಮರಳಿದ್ದರು. ನಾನು ಮಗಳ ಕೈಗೆ ಫೋನ್ ಕೊಟ್ಟು ಅನ್ನ ಇಳಿಸಲು ಹೋದೆ. ಹೊರಗಿನ ಕೋಣೆಯಲ್ಲಿ ಮಗಳು ಅವರಿಗೆ ಮರಾಠಿಯಲ್ಲಿ ಹೊಸ ಶಾಲೆಯ ಸುದ್ದಿ ಹೇಳುತ್ತಿದ್ದಳು. ನಡುವೆ ಅಪ್ಪನ ಕಡೆ ತಿರುಗಿ, “ಅಪ್ಪಾ, ಟಿವಿ ಸಣ್ಣ ಮಾಡ್ರಿ, ಬಾಯಿಗ ಕೇಳ್ಸಂಗಿಲ್ಲ,” ಎಂದಳು. ತಡವರಿಸದೆ ಬಂದ ಕನ್ನಡ. ಗಂಡ ಟಿವಿಯನ್ನು ಪೂರ್ತಿ ಆರಿಸಿ, ಊಟಕ್ಕೆ ಮೂರು ತಟ್ಟೆ ಹಾಕತೊಡಗಿದರು.